ಖಾಲಿ ಕೊಂಬೆಯ ಶಾಸ್ತ್ರ

ಯಾವ ಶಾಸ್ತ್ರಗ್ರಂಥವಾದರೂ ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕು: ವಿಷಯವೇನು, ಪ್ರಯೋಜನವೇನು, ಇವೆರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ಈ ಗ್ರಂಥದ ವಿಷಯ, ಹಕ್ಕಿ ಇಲ್ಲದ ಹಕ್ಕಿಚಿತ್ರ. ಪ್ರಯೋಜನ, ನನ್ನ ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡಿರುವ ಅಂಥ ಸಾವಿರಾರು ಚಿತ್ರಗಳನ್ನು ಅಳಿಸದೆ ಇಟ್ಟುಕೊಳ್ಳಲು ಒಂದು ಶಾಸ್ತ್ರೀಯ ನೆಪ. ಸಂಬಂಧ ಸ್ಪಷ್ಟವಾಗಿಯೇ ಇದೆ. ಅಧಿಕಾರಿ ಯಾರೆಂದರೆ, ಭಾನುವಾರ ನಸುಕಿನಲ್ಲೆದ್ದು, ಎರಡು ಕಿಲೋ ತೂಕದ ಲೆನ್ಸನ್ನು ಹೆಗಲಿಗೇರಿಸಿ ಕೆರೆಗೆ ಹೋಗಿ, ಒಂಬತ್ತು ಗಂಟೆಗೆ ಮರಳಿ ಬಂದು, ತಿಂಡಿ ತಟ್ಟೆ ತಂದಿಟ್ಟ ಹೆಂಡತಿ ಕಂಪ್ಯೂಟರ್ ಕಡೆ ಬಗ್ಗಿ ನೋಡಿ "ಹಕ್ಕಿ ಎಲ್ಲಿದೆ ರೀ?" ಎಂದಾಗ ಉತ್ತರ ತೋಚದೆ ಕೂತವನು.

ಗೂಡಿನೆದುರು ಟ್ರೈಪಾಡ್ ಊರುವವರಿಗೆ ಇಲ್ಲಿ ಅಧಿಕಾರವಿಲ್ಲ. ಈ ಕಲೆ ಬೆಳೆದದ್ದೇ ಗೂಡಿನ ಬುಡದಲ್ಲಿ ಎಂಬುದನ್ನು ಬಲ್ಲೆ. ಯಾರ್ಕ್‌ಷೈರ್ ಮೂಲದ ಕೀರ್ಟನ್ ಸಹೋದರರು ಹೊರಟದ್ದು 1892ರಲ್ಲಿ ತೆಗೆದ, ಮೊಟ್ಟೆಯಿದ್ದ ಗೂಡಿನ ಚಿತ್ರದಿಂದ. ಮುಂದೆ ಹಕ್ಕಿಗಳ ಕಣ್ಣು ತಪ್ಪಿಸಲು ಪೊಳ್ಳು ಎತ್ತೊಂದನ್ನು ಮಾಡಿಸಿಕೊಂಡು ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ನಿಂತರು. ಆ ತಪಸ್ಸಿಗೆ ನನ್ನ ನಮಸ್ಕಾರವಿದೆ. ಆದರೆ ಗೂಡು ಹಾರುವುದಿಲ್ಲ. ಹಾರದ್ದರ ಚಿತ್ರಕ್ಕೆ ಶಾಸ್ತ್ರ ಬೇಕಿಲ್ಲ. ಚಿತ್ರ ಚೆನ್ನಾಗಿ ಬರಲೆಂದು ಗೂಡಿನ ಮುಂದಿನ ನಾಲ್ಕು ಎಲೆ ಕಿತ್ತರೆ ಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆಗೆ ದಾರಿ ತೆರೆಯುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವವರೂ ಹೊರಗೇ ಇರಲಿ. ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದನೆಂದು ಜಗಳಕ್ಕೆ ಓಡಿ ಬಂದ ಗಂಡು ಹಕ್ಕಿ ಮೊಬೈಲಿನ ಜೊತೆ ಏನೆಂದು ಜಗಳವಾಡೀತು?

ಇನ್ನು ಪೂರ್ವಾಚಾರ್ಯರು. ಖಾಲಿ ಚಿತ್ರಕ್ಕೆ ಕಾರಣ ಹುಡುಕಿಟ್ಟವನು ಈಶ್ವರಕೃಷ್ಣ. ಅವನ ಬಳಿ ಕ್ಯಾಮೆರಾ ಇರಲಿಲ್ಲ ಎಂಬುದೊಂದು ಸಣ್ಣ ಕೊರತೆ. ಸಾಂಖ್ಯಕಾರಿಕೆಯ ಏಳನೆಯ ಕಾರಿಕೆಯಲ್ಲಿ, ಇರುವ ವಸ್ತುವೂ ಕಾಣದೆ ಹೋಗುವುದಕ್ಕೆ ಅವನು ಎಂಟು ಕಾರಣ ಎಣಿಸುತ್ತಾನೆ: ಅತಿದೂರ, ಅತಿಸಾಮೀಪ್ಯ, ಇಂದ್ರಿಯಘಾತ, ಮನಸ್ಸು ನಿಲ್ಲದಿರುವುದು, ಸೂಕ್ಷ್ಮತೆ, ವ್ಯವಧಾನ, ಅಭಿಭವ, ಸಮಾನಾಭಿಹಾರ. ಕಾಣದ ಮಾತ್ರಕ್ಕೆ ಪ್ರಕೃತಿ ಇಲ್ಲವೆನ್ನಬೇಡಿ ಎಂದು ಸಾಧಿಸುವುದು ಅವನ ಉದ್ದೇಶ. ತಿಂಡಿ ತಟ್ಟೆಯ ಮುಂದೆ ನಾನು ಸಾಧಿಸಬೇಕಾದದ್ದೂ ಅದನ್ನೇ.

ಅತಿದೂರಕ್ಕೆ ದೃಷ್ಟಾಂತ ಮಾಗಡಿ ಕೆರೆ. ಬೆಂಗಳೂರಿನ ಹತ್ತಿರದ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುತ್ತವೆ. ಮೈಸೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಕೊಂಡು ನಾನೂ ಹೋದೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಅಷ್ಟು ದೂರ ಹಾರಿ ಬಂದ ಹಕ್ಕಿಗಳು ಕೊನೆಯ ನಾನೂರು ಮೀಟರನ್ನು ಮಾತ್ರ ನನಗೇ ಬಿಟ್ಟಿದ್ದವು, ಅದೂ ನೀರಿನ ಮೇಲೆ. ಚಿತ್ರದಲ್ಲಿ ಕೆರೆಯ ನಡುವೆ ಬೂದು ಚುಕ್ಕೆಗಳ ಒಂದು ಸಾಲು ಬಂದಿದೆ. ಕ್ರಾಪ್ ಮಾಡಿದರೆ ಅಕ್ಕಿಕಾಳು, ಇನ್ನೂ ಕ್ರಾಪ್ ಮಾಡಿದರೆ ಬರೀ ಚೌಕಗಳು. ಇಂಥವನ್ನು ನಮ್ಮವರು 'ರೆಕಾರ್ಡ್ ಶಾಟ್' ಎನ್ನುತ್ತಾರೆ. ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವಂಥದಲ್ಲ.

ಅತಿಸಾಮೀಪ್ಯವೂ ಕಾರಣವಾದೀತೇ ಎಂದು ಹೊಸಬರು ಕೇಳುತ್ತಾರೆ. ಆಗುತ್ತದೆ. ನಮ್ಮ ಬಾಲ್ಕನಿಯ ಬಟ್ಟೆ ಹಗ್ಗದ ಮೇಲೆ ದಿನಾ ಬೆಳಿಗ್ಗೆ ಜುಟ್ಟು ನಿಮಿರಿಸಿಕೊಂಡು ಒಂದು ಕೆಮ್ಮೀಸೆ ಪಿಕಳಾರ ಕೂರುತ್ತದೆ. ನನ್ನ ಲೆನ್ಸು ಎರಡೂಮುಕ್ಕಾಲು ಮೀಟರಿಗಿಂತ ಹತ್ತಿರದ ಯಾವುದನ್ನೂ ಒಪ್ಪುವುದಿಲ್ಲ. ಬಾಲ್ಕನಿಯ ಉದ್ದ ಎಂಟಡಿ. ಫೋಕಸ್ ಆಗಲೆಂದು ಹಿಂದೆ ಸರಿಯುತ್ತಾ ಅಡುಗೆಮನೆ ಸೇರುತ್ತೇನೆ. ಅಲ್ಲಿಂದ ಫೋಕಸ್ ಆಗುತ್ತದೆ, ಆದರೆ ನಡುವೆ ಒಣಹಾಕಿದ ಸೀರೆ. ಹೀಗೆ ಒಂದೇ ಹಕ್ಕಿ ಎರಡನೆಯ ವರ್ಗದಿಂದ ಹೊರಟು ನೇರ ಆರನೆಯ ವರ್ಗಕ್ಕೆ, ಅಂದರೆ ನಡುವಿನ ಅಡ್ಡಿಯಾದ ವ್ಯವಧಾನಕ್ಕೆ ಬಡ್ತಿ ಪಡೆಯುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಸಂಸಾರ ಹೂಡುತ್ತವೆ. ಉದ್ದ ಲೆನ್ಸು ಹೊತ್ತು ಹೋದವನಿಗೆ ಅಲ್ಲಿ ದಕ್ಕುವುದು ಒಂದು ಕಣ್ಣು, ಅರ್ಧ ಕೊಕ್ಕು, ಮತ್ತು ಟೋಪಿಯ ಮೇಲೆ ಬಿದ್ದ ಪ್ರಸಾದ.

ಇಂದ್ರಿಯಘಾತದ ಬಗ್ಗೆ ಹೆಚ್ಚು ಹೇಳಲು ನಾಚಿಕೆ. ಕಾರವಾರದಲ್ಲಿ ಎಸಿ ಕೋಣೆಯಿಂದ ನೇರ ಹೊರಗೆ ಬಂದು ಲೆನ್ಸಿಗೆ ಮಂಜು ಕಟ್ಟಿಸಿಕೊಂಡದ್ದು, ಮೆಮೊರಿ ಕಾರ್ಡು ಮನೆಯ ಕಂಪ್ಯೂಟರಿನಲ್ಲೇ ಉಳಿದದ್ದು, ಇವೆಲ್ಲ ಇದರಲ್ಲೇ ಸೇರುತ್ತವೆ. ಮನಸ್ಸು ನಿಲ್ಲದಿರುವುದಕ್ಕೆ ವಾಟ್ಸಾಪ್ ಎಂಬ ಒಂದೇ ಪದ ಸಾಕು.

ಸೂಕ್ಷ್ಮತೆಗೆ ಬದನಿಕೆ ಹಕ್ಕಿ. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು ಎಂಟು ಸೆಂಟಿಮೀಟರ್, ಬಣ್ಣವೂ ಇಲ್ಲದಂಥದು. ಮಾವಿನ ಮರಕ್ಕೆ ಬದನಿಕೆ ಹಿಡಿಯಿತು ಎಂದು ತೋಟದವರು ಬಯ್ಯುತ್ತಾರಲ್ಲ, ಆ ಬದನಿಕೆಯ ಹಣ್ಣು ತಿಂದು ಅಂಟಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುವುದು ಇದೇ. ಇಡೀ ತೋಪಿಗೆ ಬದನಿಕೆ ಹಂಚಿದರೂ ನನ್ನ ಚಿತ್ರದಲ್ಲಿ ಒಂದು ಎಲೆಯಷ್ಟೂ ಜಾಗ ತುಂಬಿಲ್ಲ. ವ್ಯವಧಾನದ ಪರಮಾವಧಿ ಕುಟುರ. ಹಸಿರು ಹಕ್ಕಿ ಹಸಿರು ಆಲದಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ನನ್ನಲ್ಲಿರುವ ಆಲದೆಲೆಯ ಚಿತ್ರಗಳ ಶೀರ್ಷಿಕೆಯೆಲ್ಲ ಕುಟುರ. ಅಭಿಭವವೆಂದರೆ ಬಲವಾದದ್ದೊಂದು ದುರ್ಬಲವಾದದ್ದನ್ನು ಮುಳುಗಿಸುವುದು. ಸೂರ್ಯ ಹಿಂದಿದ್ದರೆ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಕಾಗೆಯೇ.

ಸಮಾನಾಭಿಹಾರ, ತನ್ನಂಥದರಲ್ಲಿ ಬೆರೆತು ಹೋಗುವುದು. ಕೆರೆ ಅಂಚಿನ ಕೊಳದ ಬಕ ಮಣ್ಣುಬಣ್ಣದ ಕಲ್ಲಿನಂತೆ ಕೂತಿರುತ್ತದೆ. ಕಾಲಿನ ಹತ್ತಿರದಿಂದಲೇ ಎದ್ದಾಗ ಅಚ್ಚ ಬಿಳಿ ರೆಕ್ಕೆ ಬಿಚ್ಚಿ ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಇದೇ ವರ್ಗದಲ್ಲಿ ನನ್ನ ಜೀವನದ ದೊಡ್ಡ ಸೋಲೂ ದೊಡ್ಡ ಗೆಲುವೂ ಒಟ್ಟಿಗೇ ಇವೆ. ದಾಂಡೇಲಿ ಬಳಿಯ ಗಣೇಶಗುಡಿಯಲ್ಲಿ ಕಪ್ಪೆಬಾಯಿ ಹಕ್ಕಿ ತೋರಿಸಲು ಗೈಡು ಬೆರಳು ಮಾಡಿ ಹತ್ತು ನಿಮಿಷ ತೋರಿಸಿದ. ನನಗೆ ಕಂಡದ್ದು ಒಣಗಿದ ಎಲೆಗಳ ಗೊಂಚಲು. ಅವನಿಗೆ ಬೇಸರವಾಗಬಾರದೆಂದು "ಆಹಾ" ಎಂದು ಆ ಗೊಂಚಲನ್ನೇ ಕ್ಲಿಕ್ಕಿಸಿದೆ. ಆರು ತಿಂಗಳ ಮೇಲೆ ಅಳಿಸುವ ಮುನ್ನ ದೊಡ್ಡದು ಮಾಡಿ ನೋಡಿದರೆ, ಗೊಂಚಲಿಗೆ ಮುಚ್ಚಿದ ಎರಡು ಕಣ್ಣುಗಳಿದ್ದವು. ಒಂದಲ್ಲ, ಎರಡು ಹಕ್ಕಿ, ಮೈಗೆ ಮೈ ತಾಗಿಸಿ ಕೂತಿದ್ದವು. ಅಭಾವದ ಅಭಾವವೆಂದರೆ ಆ ವಸ್ತುವೇ ಎಂದು ತಾರ್ಕಿಕರು ಹೇಳುವುದರ ಅರ್ಥ ನನಗೆ ಅಂದು ಆಯಿತು. ಅಳಿಸಬಾರದೆಂಬ ನನ್ನ ಸಿದ್ಧಾಂತಕ್ಕೂ ಅದೇ ಮೂಲಾಧಾರ.

ಇಷ್ಟಾದರೂ ನನ್ನ ಖಾಲಿ ಚಿತ್ರಗಳಲ್ಲಿ ಬಹುಪಾಲು ಈ ಎಂಟರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಈಶ್ವರಕೃಷ್ಣನ ಪ್ರಕೃತಿಗೆ ರೆಕ್ಕೆ ಇರಲಿಲ್ಲ. ಆದ್ದರಿಂದ ಒಂಬತ್ತನೆಯ ಕಾರಣವನ್ನು ನಾನು ವಿನಯಪೂರ್ವಕ ಸೇರಿಸುತ್ತೇನೆ: ಹಾರಿಹೋಯಿತು.

ಹಾರಿಹೋದದ್ದರಲ್ಲಿಯೂ ಭೇದವಿದೆ, ಮತ್ತು ಅದು ಹಕ್ಕಿಯಿಂದ ಹಕ್ಕಿಗೆ ಬೇರೆ. ಸಿಂಪಿಗ, ಸೂರಕ್ಕಿಗಳು ಬೌದ್ಧರ ಕ್ಷಣಿಕವಾದಿಗಳು. ಒಂದು ಕೊಂಬೆಯಲ್ಲಿ ಎರಡು ಕ್ಷಣ ಇರುವುದು ಅವುಗಳ ಮತಕ್ಕೆ ವಿರುದ್ಧ. ಕೆಂಬೂತ ಹಾರುವುದೇ ಅಪರೂಪ. ಹಸಿವಿಲ್ಲದೆ ಊಟದ ಮನೆಯಿಂದ ಎದ್ದುಹೋಗುವ ಹಿರಿಯರಂತೆ ನಿಧಾನವಾಗಿ ಬೇಲಿಯೊಳಕ್ಕೆ ನಡೆದುಹೋಗುತ್ತದೆ. ಅದರ ಖಾಲಿ ಚಿತ್ರದ ಮೂಲೆಯಲ್ಲಿ ಒಂದಿಂಚು ಕರಿ ಬಾಲ ಸಿಕ್ಕೇ ಸಿಗುತ್ತದೆ. ಟಿಟ್ಟಿಭ ತಾನೊಂದೇ ಹೋಗುವುದಿಲ್ಲ. ಕಿರುಚಿ ಕೆರೆಯ ಹಕ್ಕಿಗಳನ್ನೆಲ್ಲ ಎಬ್ಬಿಸುತ್ತದೆ, ಹೀಗಾಗಿ ಒಂದು ಟಿಟ್ಟಿಭದ ಲೆಕ್ಕಕ್ಕೆ ಹತ್ತು ಖಾಲಿ ಚಿತ್ರ ಬರೆಯಬೇಕು. ಇನ್ನು ಕಾಜಾಣ, ಕಳ್ಳಿಪೀರ, ಮಿಂಚುಳ್ಳಿ. ಇವು ಹಾರಿ, ಹುಳವನ್ನೋ ಮೀನನ್ನೋ ಹಿಡಿದು, ಬಹಳ ಸಲ ಅದೇ ಕೊಂಬೆಗೆ ಮರಳುತ್ತವೆ. ಹಕ್ಕಿ ಹೋಯಿತೆಂದು ಕ್ಯಾಮೆರಾ ಇಳಿಸುವವನಿಗೂ ಇಳಿಸದವನಿಗೂ ಇರುವ ವ್ಯತ್ಯಾಸ ಈ ಮರಳುವಿಕೆಯ ಅರಿವಷ್ಟೇ. ಗಡಿಗೆಯನ್ನು ನೆಲದಿಂದ ಎತ್ತಿ ಮತ್ತೆ ಅಲ್ಲೇ ತಂದಿಡುವ ನಡುವಿನ ಹೊತ್ತಿಗೆ ಕೆಲವು ತಾರ್ಕಿಕರು ಸಾಮಯಿಕಾಭಾವ ಎಂಬ ಹೆಸರಿಟ್ಟಿದ್ದಾರೆ. ಅವರಲ್ಲಿ ಒಬ್ಬರಾದರೂ ಕೆರೆ ದಂಡೆಯಲ್ಲಿ ಕೂತಿದ್ದವರೆಂದು ನನ್ನ ಗುಮಾನಿ.

ಹಕ್ಕಿ ಹಾರಿಹೋಗುವ ಮುನ್ನ ಸೂಚನೆಯೂ ಇರುತ್ತದೆ. ಮೈ ಮುಂದಕ್ಕೆ ಬಾಗಿಸುತ್ತದೆ, ಗಾಳಿ ಬರುವ ಕಡೆ ಮುಖ ತಿರುಗಿಸುತ್ತದೆ, ಹಲವು ಸಲ ಹಿಕ್ಕೆ ಹಾಕಿ ಭಾರ ಇಳಿಸಿಕೊಳ್ಳುತ್ತದೆ. ನನ್ನಲ್ಲಿ ಹಿಕ್ಕೆ ಮಾತ್ರ ಗಾಳಿಯಲ್ಲಿರುವ ಚಿತ್ರಗಳು ಹದಿನಾಲ್ಕಿವೆ. ಸೂಚನೆ ಕಂಡೆ ಎಂಬುದಕ್ಕೂ ತಡವಾಗಿ ಒತ್ತಿದೆ ಎಂಬುದಕ್ಕೂ ಅವೇ ಪ್ರಮಾಣ.

ಈ ಶಾಸ್ತ್ರಕ್ಕೀಗ ಕುತ್ತು ಬಂದಿದೆ. ಒಂದು ರೋಲಿಗೆ ಮೂವತ್ತಾರೇ ಚಿತ್ರವಿದ್ದ ಕಾಲದಲ್ಲಿ ಖಾಲಿ ಕೊಂಬೆಗೂ ದುಡ್ಡು ಕೊಟ್ಟು ಪ್ರಿಂಟು ಹಾಕಿಸುತ್ತಿದ್ದೆ. ನನ್ನ ಅಕ್ಕನ ಮಗನ ಹೊಸ ಕ್ಯಾಮೆರಾ ಬಟನ್ ಪೂರ್ತಿ ಒತ್ತುವುದಕ್ಕೆ ಅರ್ಧ ಸೆಕೆಂಡು ಮುಂಚಿನದನ್ನೂ ಸೇರಿಸಿ ಸೆಕೆಂಡಿಗೆ ಇಪ್ಪತ್ತರಂತೆ ಹಿಡಿದಿಡುತ್ತದೆ. ಮೊನ್ನೆ ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಮಿಂಚುಳ್ಳಿ ಎಗರಿತು. ನಾನು ಒತ್ತಿದೆ, ಅವನೂ ಒತ್ತಿದ. ಅವನಿಗೆ ಹಕ್ಕಿ ಬಾಗಿದ್ದು, ರೆಕ್ಕೆ ಬಿಚ್ಚಿದ್ದು, ಕಾಲು ಬಿಟ್ಟದ್ದು, ಎಲ್ಲ ಸಾಲಾಗಿ ಸಿಕ್ಕಿತು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಚೆನ್ನಾಗಿರುವುದನ್ನು ಉಳಿಸಿ ಉಳಿದದ್ದನ್ನು ಅಳಿಸತೊಡಗಿದ. ಕೊನೆಯದರಲ್ಲಿ ಕೊಂಬೆ ಮಾತ್ರ ಇತ್ತು, ತುದಿ ಅಲುಗಿ ಮಸುಕಾಗಿತ್ತು.

"ಅದನ್ನ ಅಳಿಸಬೇಡ, ನನಗೆ ಕಳಿಸು," ಎಂದೆ.

"ಇದರಲ್ಲಿ ಏನಿದೆ ಮಾಮ?"

ವರ್ಗ, ಉಪವರ್ಗ ಎಲ್ಲ ವಿವರಿಸಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ, ಸಂಜೆ ಚಿತ್ರ ಕಳಿಸಿದ. ಫೈಲಿಗೆ ಅವನೇ ಹೆಸರು ಕೊಟ್ಟಿದ್ದ: ಮಿಂಚುಳ್ಳಿ, ಕುಕ್ಕರಹಳ್ಳಿ, ಬೆಳಿಗ್ಗೆ 7.10.