‘ಕಾರಣ ಕೇಳೋದು ನನ್ನ ಕೆಲಸವಲ್ಲ’

ಕಂಪನಿಗಳು ಪ್ರತಿ ತಿಂಗಳು ಪಿಎಫ್ ಕಚೇರಿಗೆ ಕಳಿಸುವ ಇ-ಚಲನ್‌ನಲ್ಲಿ ಹೆಸರು, ಸಂಬಳ, ವಂತಿಗೆ ಎಲ್ಲ ದಾಟಿದ ಮೇಲೆ, ಕೊನೆಯಿಂದ ಎರಡನೆಯದಾಗಿ ಒಂದು ಕಾಲಂ ಬರುತ್ತದೆ: ‘ಎನ್‌ಸಿಪಿ ಡೇಸ್’. ಸಂಬಳವಿಲ್ಲದ, ಹಾಗಾಗಿ ವಂತಿಗೆಯೂ ಇಲ್ಲದ ದಿನಗಳ ಲೆಕ್ಕ ಇಡುವುದು ಅದರ ಕಾಯಕ. ದೀರ್ಘಕಾಲದ ಅಂಗವೈಕಲ್ಯ ಇರುವವರ ಪಿಂಚಣಿ ಯಾಕೆ ಸವೆಯುತ್ತದೆ ಎಂದು ಕೇಳಲು ಅದನ್ನೇ ಮಾತಿಗೆ ಎಳೆದೆವು.

ಪ್ರ: ನಿಮ್ಮ ಪರಿಚಯ?

ಉ: ಹಿಂದೆ ಕಾಗದದ 3ಎ ನಮೂನೆಯಲ್ಲಿದ್ದೆ, ಈಗ ಆನ್‌ಲೈನ್. ನನ್ನಲ್ಲಿ ಸೊನ್ನೆ ಇದ್ದರೆ ನೀವು ಒಳ್ಳೆಯ ನೌಕರರು. ಹನ್ನೆರಡು ಅಂತಿದ್ದರೆ ನಿಮ್ಮ ಸೇವೆಯಲ್ಲಿ ಹನ್ನೆರಡು ದಿನ ಹೋಯಿತು ಅಂತ ಅರ್ಥ.

ಪ್ರ: ಆ ಹನ್ನೆರಡು ದಿನ ಜಾತ್ರೆಗೆ ಹೋಗಿದ್ದರೋ, ಆಸ್ಪತ್ರೆಯಲ್ಲಿ ಮಲಗಿದ್ದರೋ ನಿಮಗೆ ತಿಳಿಯುತ್ತದೆಯೇ?

ಉ: ಕಾರಣ ಕೇಳೋದು ನನ್ನ ಕೆಲಸವಲ್ಲ. ನನ್ನಲ್ಲಿ ಜಾಗ ಇರುವುದು ಅಂಕಿಗೆ ಮಾತ್ರ. ಎಲ್ಲರನ್ನೂ ಒಂದೇ ಥರ ನೋಡ್ತೀನಿ. ಸಮಾನತೆ ಅಂದರೆ ಇದೇ ಅಲ್ಲವೇ ಸ್ವಾಮಿ?

ಪ್ರ: ಒಂದು ಲೆಕ್ಕ ಹೇಳಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಒಬ್ಬ ಹೆಣ್ಣುಮಗಳು ಇಪ್ಪತ್ತು ವರ್ಷ ದುಡಿದಳು ಅಂದುಕೊಳ್ಳಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಕಾಯಿಲೆ ಉಲ್ಬಣಿಸಿದಾಗಲೆಲ್ಲ ಮನೆಯಲ್ಲಿ ಉಳಿದು, ಒಟ್ಟು ಎಂಟು ತಿಂಗಳು ನಿಮ್ಮ ಪಾಲಾಗಿದೆ.

ಉ: ಸಲೀಸು. ಪಿಂಚಣಿಗೆ ಹಿಡಿಯುವ ಸಂಬಳ 14,000 ಅಂತಿಟ್ಟುಕೊಳ್ಳೋಣ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಇಪ್ಪತ್ತು ವರ್ಷ ಭರ್ತಿಯಾದರೆ ಎರಡು ವರ್ಷ ಬೋನಸ್; 22ರ ಲೆಕ್ಕದಲ್ಲಿ ತಿಂಗಳಿಗೆ 4,400. ನಾನು ಎಂಟು ತಿಂಗಳು ಕಳೆದೆನಾ? ಉಳಿದದ್ದು 19 ವರ್ಷ 4 ತಿಂಗಳು. ಆರು ತಿಂಗಳಿಗಿಂತ ಕಡಿಮೆ ಇದ್ದರೆ ಆ ಚಿಲ್ಲರೆ ಲೆಕ್ಕಕ್ಕಿಲ್ಲ, ಬೋನಸ್ಸೂ ಇಲ್ಲ. 19ಕ್ಕೆ 3,800.

ಪ್ರ: ಎಂಟು ತಿಂಗಳ ಗೈರಿಗೆ ಮೂರು ವರ್ಷ ಖೋತಾ!

ಉ: ನಾನು ಕಳೆದದ್ದು ಎಂಟೇ ತಿಂಗಳು. ಉಳಿದದ್ದು ನಿಯಮದ ಕೊಡುಗೆ.

ಪ್ರ: 1995ರ ನೌಕರರ ಪಿಂಚಣಿ ಯೋಜನೆಯಲ್ಲೇ ಅಂಗವೈಕಲ್ಯ ಪಿಂಚಣಿ ಇದೆಯಲ್ಲ?

ಉ: ಭೇಷಾಗಿದೆ! ಹತ್ತು ವರ್ಷದ ಸೇವೆಯೂ ಬೇಡ, ಒಂದೇ ತಿಂಗಳ ವಂತಿಗೆ ಸಾಕು. ಆದರೆ ಅಂಗವೈಕಲ್ಯ ಶಾಶ್ವತವೂ ಸಂಪೂರ್ಣವೂ ಆಗಿರಬೇಕು. ಈಕೆ ಹಟಮಾರಿ, ಸ್ವಲ್ಪ ಚೇತರಿಸಿಕೊಂಡ ಕೂಡಲೇ ಮೆಷಿನ್ ಮುಂದೆ ಬಂದು ಕೂರುತ್ತಾಳೆ. ಪೂರ್ತಿ ಬಿದ್ದವರಿಗೆ ಒಂದು ಪಿಂಚಣಿ, ಪೂರ್ತಿ ನಿಂತವರಿಗೆ ಇನ್ನೊಂದು. ಬೀಳುತ್ತ ಏಳುತ್ತ ಇರುವವರು ನನ್ನ ಗಿರಾಕಿಗಳು.

ಪ್ರ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಕೆಯ ಕಾಯಿಲೆಯೂ ಇದೆ.

ಉ: ಇರಲಿ, ಸಂತೋಷ. ಆ ಕಾಯ್ದೆಯ ಮೀಸಲಾತಿಗೆ ಶೇ 40 ಸಾಕು. ಇಂದಿರಾ ಗಾಂಧಿ ಹೆಸರಿನ ಕೇಂದ್ರದ ಪಿಂಚಣಿಗೆ ಶೇ 80 ಬೇಕು, ಜತೆಗೆ ಬಿಪಿಎಲ್ ಆಗಿರಬೇಕು. ಕೇಂದ್ರ ಕೊಡುವುದು ತಿಂಗಳಿಗೆ 300 ರೂಪಾಯಿ. ಭವಿಷ್ಯನಿಧಿಯವರಿಗೆ ‘ಸಂಪೂರ್ಣ’ಕ್ಕಿಂತ ಕಡಿಮೆ ನಡೆಯೋದಿಲ್ಲ. ಯಾವ ಕಚೇರಿಗೆ ಹೋಗುವಾಗ ಎಷ್ಟು ಅಂಗವೈಕಲ್ಯ ತೆಗೆದುಕೊಂಡು ಹೋಗಬೇಕು ಅನ್ನೋದನ್ನ ಅವರೇ ನೋಡಿಕೊಳ್ಳಬೇಕಪ್ಪ.

ಪ್ರ: ಕಾಯಿಲೆ ಬಿದ್ದಾಗ ಇಎಸ್‌ಐ ಹಣ ಕೊಡುತ್ತದಲ್ಲ? ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70. ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ ಇನ್ನೂ ಹೆಚ್ಚು ದಿನ.

ಉ: ಕೊಡುತ್ತೆ. ಆದರೆ ಅದು ಸಂಬಳವಲ್ಲ, ಪರಿಹಾರ. ಅದರಲ್ಲಿ ಪಿಎಫ್ ಹಿಡಿಯೋ ಹಾಗಿಲ್ಲ. ಇಎಸ್‌ಐ ‘ಈಕೆಗೆ ಹುಷಾರಿಲ್ಲ, ನಿಜ’ ಅಂತ ಸಹಿ ಹಾಕಿ ದುಡ್ಡು ಕೊಟ್ಟ ದಿನವೇ ನಾನು ‘ಈಕೆ ಇಲ್ಲ’ ಅಂತ ಬರೆದುಕೊಳ್ತೀನಿ. ಎರಡೂ ಸಂಸ್ಥೆ ಒಂದೇ ಕಾರ್ಮಿಕ ಸಚಿವಾಲಯದ ಮಕ್ಕಳು. ಮಾತು ಬಿಟ್ಟಿದ್ದಾರೋ ಏನೋ.

ಪ್ರ: ಆ ದಿನಗಳ ವಂತಿಗೆಯನ್ನು ಸರ್ಕಾರವೇ ಕಟ್ಟಿದರೆ?

ಉ: ಕಟ್ಟಿದ ಉದಾಹರಣೆ ಇದೆ! ಅಂಗವಿಕಲರನ್ನು ಹೊಸದಾಗಿ ಕೆಲಸಕ್ಕೆ ತೆಗೆದುಕೊಂಡ ಖಾಸಗಿ ಮಾಲೀಕರ ಪಾಲನ್ನು ಮೂರು ವರ್ಷ ತಾನೇ ಕಟ್ಟುವ ಯೋಜನೆಯನ್ನು ಕೇಂದ್ರ 2008ರಲ್ಲಿ ತಂದಿತ್ತು, 25,000ದವರೆಗಿನ ಸಂಬಳಕ್ಕೆ. ಆದರೆ ಅದು ಕೆಲಸಕ್ಕೆ ಬಂದ ದಿನಗಳಿಗೆ. ಬರಲಾಗದ ದಿನಗಳಿಗೂ ಕಟ್ಟಿ ಅಂದರೆ ಖಜಾನೆಗೆ ಹೊರೆಯಂತೆ.

ಪ್ರ: ಇಪ್ಪತ್ತು ಜನರೂ ಇಲ್ಲದ ಅಂಗಡಿ, ವರ್ಕ್‌ಶಾಪ್‌ಗಳಲ್ಲಿ ದುಡಿಯುವ ಅಂಗವಿಕಲರು?

ಉ: ಅಲ್ಲಿ ಸಾಮಾನ್ಯವಾಗಿ ಪಿಎಫ್ಫೇ ಇರೋದಿಲ್ಲ. ಅವರ ಗೈರು ಬರೆಯಲು ನಾನೂ ಇಲ್ಲ. ನನ್ನ ಬಾಯಿಗೆ ಬಿದ್ದವರೇ ಪುಣ್ಯವಂತರು.

ಪ್ರ: ಕೊನೆಯದಾಗಿ, ನಿಮ್ಮ ನಿವೃತ್ತಿ ಯಾವಾಗ?

ಉ: ಯಾಕೆ ಸ್ವಾಮಿ? ನನ್ನ ಸೇವೆಯಲ್ಲಿ ಒಂದು ದಿನವೂ ಖೋತಾ ಇಲ್ಲ. ಶಿಸ್ತು ಅಂದರೆ ಏನು ಅಂತ ಈ ಕಾಯಿಲೆಯವರು ನನ್ನನ್ನು ನೋಡಿ ಕಲಿಯಬೇಕು.