ಕಾರಣ ಮಾಸ್ತರು

ಹೂಲಿಯಂಥ ಊರಿನಲ್ಲಿ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್‌ಗಳು ಎಷ್ಟು ಮಂದಿ ಬೇಕಾದರೂ ಇರಬಹುದು, ಕಾರಣ ಮಾಸ್ತರು ಮಾತ್ರ ಒಬ್ಬರೇ. ಗ್ರೂಪಿನಲ್ಲಿ ಯಾರಾದರೂ ಪೋಲ್ ಹಾಕಿದರೆ ಸಾಕು, ಚಾಳೀಸು ಮೂಗಿಗೇರುತ್ತದೆ. ಯಾರು ಯಾವುದಕ್ಕೆ ಒತ್ತಿದ್ದಾರೆಂದು ಹೆಸರು ಸಮೇತ ತೋರಿಸುವ ಪಟ್ಟಿಯನ್ನು ತೆರೆದು, ಹಾಜರಿ ಕರೆದಂತೆ ಒಬ್ಬೊಬ್ಬರನ್ನೇ ಎಬ್ಬಿಸುತ್ತಾರೆ.

“ಓಟು ಹಾಕಿದ್ದು ಬರೋಬರಿ. ಕಾರಣ?”

ಇದು ಶಾಲೆಯಿಂದ ಬಂದ ಚಟ. ಲೆಕ್ಕದ ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದ ಹುಡುಗನಿಗೆ ಅವರು ಪೂರ್ತಿ ಅಂಕ ಕೊಟ್ಟವರಲ್ಲ. ನಿವೃತ್ತಿಯಾದ ಮೇಲೆ ಇಡೀ ಊರೇ ತರಗತಿಯಾಯಿತು. 2022ರ ಕೊನೆಗೆ ವಾಟ್ಸಾಪ್‌ನಲ್ಲಿ ಪೋಲ್ ಬಂದಾಗ, ಕಂಪನಿ ತಮ್ಮ ಮನಸ್ಸನ್ನು ತಿಳಿದೇ ಇದನ್ನು ಮಾಡಿದೆ ಎಂದು ಅವರಿಗೆ ಗಟ್ಟಿಯಾಗಿ ಅನ್ನಿಸಿತು.

ಅವರ ಸಿದ್ಧಾಂತ ಸರಳ. “ಮುಚ್ಚಿ ಹಾಕೂ ಓಟು ಅಂಜುಬುರುಕರದು. ಎದಿ ತಟ್ಟಿ ಹಾಕ್ರಿ, ಬಾಯಿ ಬಿಟ್ಟು ಹೇಳ್ರಿ.” ಇದಕ್ಕೆ ಅವರು ಇಂಗ್ಲೆಂಡಿನ ಉದಾಹರಣೆ ಕೊಡುತ್ತಾರೆ. ಅಲ್ಲಿ 1872ರವರೆಗೂ ಮತದಾರ ಎಲ್ಲರೆದುರು ನಿಂತು ಹೆಸರು ಕೂಗಿ ಓಟು ಹಾಕುತ್ತಿದ್ದ. ಯಾರು ಯಾರಿಗೆ ಹಾಕಿದರೆಂಬ ಪುಸ್ತಕವನ್ನೂ ಅಚ್ಚು ಹಾಕಿಸುತ್ತಿದ್ದರು. “ಎಂಥಾ ಪಾರದರ್ಶಕತೆ!” ಎಂದು ಮಾಸ್ತರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಆ ಪುಸ್ತಕವನ್ನು ಎಲ್ಲರಿಗಿಂತ ಮೊದಲು ಓದುತ್ತಿದ್ದವನು ಜಮೀನುದಾರ, ಓದಿದ ಮೇಲೆ ಒಕ್ಕಲನ್ನು ಹೊಲ ಬಿಡಿಸುತ್ತಿದ್ದ ಎಂಬ ಭಾಗ ಬರುವಷ್ಟರಲ್ಲಿ ಅವರಿಗೆ ಚಹಾ ನೆನಪಾಗುತ್ತದೆ.

ಒಮ್ಮೆ ಕಟ್ಟೆಯ ಮೇಲೆ ಒಬ್ಬ ವಕೀಲಿ ಓದುವ ಹುಡುಗ ಧೈರ್ಯ ಮಾಡಿದ. “ಸರ, 1951ರ ಪ್ರಜಾಪ್ರತಿನಿಧಿ ಕಾಯ್ದೆದಾಗ 94ನೇ ಕಲಂ ಐತ್ರಿ. ಯಾರಿಗೆ ಹಾಕಿದಿ ಅಂತ ಯಾರನ್ನೂ ಒತ್ತಾಯ ಮಾಡಿ ಕೇಳೂ ಹಂಗಿಲ್ರಿ.”

ಮಾಸ್ತರು ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿದರು. “ಅದು ಚುನಾವಣಿಗೆ. ಹುಗ್ಗಿಗೆ ಯಾವ ಕಲಂ ಐತಿ, ಹೇಳು?”

ಹುಗ್ಗಿಯ ಮಾತು ಬಂದದ್ದಕ್ಕೆ ಹಿನ್ನೆಲೆಯಿದೆ. ಶ್ರಾವಣದ ಕಡೆಯ ಸೋಮವಾರದ ಪ್ರಸಾದಕ್ಕೆ ಗೋಧಿ ಹುಗ್ಗಿಯೋ ಮಾದಲಿಯೋ ಎಂದು ಗ್ರೂಪಿನಲ್ಲಿ ಪೋಲ್ ಬಿದ್ದಿತ್ತು. ಮಾಸ್ತರು ಮೊದಲು ಹುಗ್ಗಿಗೆ ಒತ್ತಿ, ಗೋಧಿಯ ನಾರು, ಬೆಲ್ಲದ ಕಬ್ಬಿಣ, ವೃದ್ಧರ ಹಲ್ಲು ಎಂದು ಮೂರು ಶೀರ್ಷಿಕೆಗಳಡಿ ಕಾರಣ ಬರೆದರು. ಆಮೇಲೆ ಉಳಿದವರ ಕಡೆ ತಿರುಗಿದರು.

ಕಿರಾಣಿ ಅಂಗಡಿಯವರು ಹುಗ್ಗಿ. ಕಾರಣ: ಪ್ರಕೃತಿಗೆ ಚಲೋ. ಹಿಂದಿನ ವಾರವಷ್ಟೇ ಬೆಲ್ಲದ ಪೆಂಟೆಗಳನ್ನು ಇಳಿಸಿಕೊಂಡದ್ದನ್ನು ಅವರು ಬರೆಯಲಿಲ್ಲ. ಟ್ರ್ಯಾಕ್ಟರ್ ಇದ್ದ ಗೌಡರು ಹುಗ್ಗಿ ಒತ್ತಿದರು. ಹಿಂಗಾರಿ ಬಿತ್ತಿಗೆಗೆ ಹೊಲ ಹರಗಿಸಬೇಕಾದವರೆಲ್ಲ ಸಾಲಾಗಿ ಹುಗ್ಗಿ ಒತ್ತಿದರು. ಕಾರಣ: ಗೌಡರು ಹೇಳಿದ್ದ ಸರಿ. ಪುಣೆಯಲ್ಲಿರುವ ಹುಡುಗನೊಬ್ಬ ಮಾದಲಿ ಒತ್ತಿದ. “ನೀ ಊಟಕ್ಕ ಬರಾಂವಲ್ಲ, ನಿಂದೇನು ಓಟು?” ಎಂದದ್ದಕ್ಕೆ “ಊರ ಅಭಿಮಾನ್ರಿ ಸರ” ಎಂದು ಬರೆದ. ಒಬ್ಬ ಸೊಸೆ ಮಾದಲಿ ಒತ್ತಿದ್ದಳು. ಅತ್ತೆ ಹುಗ್ಗಿ ಒತ್ತಿದ ಸ್ವಲ್ಪ ಹೊತ್ತಿಗೆ ಅವಳ ಓಟೂ ಹುಗ್ಗಿಗೆ ದಾಟಿತು. “ತಂಗಿ, ಮನಸು ಬದಲಾಗಾಕ ಕಾರಣ?” ಎಂದು ಮಾಸ್ತರು ಕೇಳಿದರು. ಕೈಮುಗಿದ ಚಿತ್ರವೊಂದು ಬಂತು. ಅತ್ತೆಯಿಂದ ಹೆಬ್ಬೆಟ್ಟಿನ ಚಿತ್ರ ಬಂತು.

ಹುಗ್ಗಿ ಭಾರೀ ಬಹುಮತದಿಂದ ಗೆದ್ದಿತು. ಎಲ್ಲರೂ ಕಾರಣ ಕೊಟ್ಟಿದ್ದರು. ಖರೇ ಕಾರಣವನ್ನು ಯಾರೂ ಕೊಟ್ಟಿರಲಿಲ್ಲ. ಉದ್ರಿ, ಬಾಡಿಗೆ, ಬೀಗತನ, ಬೋರಿನ ನೀರು ಹೀಗೆ ಎಲ್ಲರೂ ಎಲ್ಲರಿಗೂ ಏನಾದರೊಂದು ಬಾಕಿ ಇರುವ ಊರಿನಲ್ಲಿ, ಹೆಸರು ಕಾಣುವ ಓಟು ನಾಲಿಗೆಯ ರುಚಿಯನ್ನು ಹೇಳುವುದಿಲ್ಲ, ಬಾಕಿಯ ಲೆಕ್ಕವನ್ನು ಹೇಳುತ್ತದೆ. ಮಾಸ್ತರ ಬಳಿ ಆ ಪಟ್ಟಿ ಇತ್ತು. ಓದಲು ಬರಲಿಲ್ಲ.

ಅವರ ವಾದದಲ್ಲಿ ಸತ್ಯವಿಲ್ಲವೆಂದಲ್ಲ. ಊರಿನವರ ಹೆಸರಿನಲ್ಲಿ ಓಟು ಹಾಕುವವನು ಕಾರಣ ಹೇಳಲೇಬೇಕು. 2003ರಲ್ಲಿ ರಾಜ್ಯಸಭೆ ಚುನಾವಣೆಯನ್ನು ಬಹಿರಂಗ ಮತದಾನ ಮಾಡಿದ್ದು ಹೆಚ್ಚುಕಡಿಮೆ ಅದೇ ತರ್ಕದ ಮೇಲೆ. ಶಾಸಕ ತನ್ನ ಮತಪತ್ರವನ್ನು ಪಕ್ಷದ ಏಜೆಂಟನಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2022ರ ಜೂನ್‌ನಲ್ಲಿ ಜೆಡಿಎಸ್‌ನ ಕೋಲಾರ ಶಾಸಕ ಶ್ರೀನಿವಾಸಗೌಡರು ಓಟು ಹಾಕಿ ಹೊರಬಂದು, ಕಾಂಗ್ರೆಸ್ಸಿಗೆ ಹಾಕಿದೆ, ಆ ಪಕ್ಷವೆಂದರೆ ಪ್ರೀತಿ ಎಂದು ಕ್ಯಾಮೆರಾ ಮುಂದೆಯೇ ಹೇಳಿದ ದಿನ ಮಾಸ್ತರು ಟಿವಿಗೆ ಕೈಮುಗಿದರು. “ನೋಡ್ರಿ, ಕಾರಣ ಅಂದ್ರ ಇದು! ಸಣ್ಣದು, ಸ್ವಚ್ಛದು.” ಪಕ್ಷ ಅವರನ್ನು ಹೊರಗೆ ಹಾಕಿದಾಗ ಮಾಸ್ತರು ಅಷ್ಟೇ ಖುಷಿಯಿಂದ, “ಅವರೂ ಕಾರಣ ಕೊಟ್ಟಾರ” ಎಂದರು. ಆದರೆ ಶಾಸಕ ಒತ್ತಿದ್ದು ಕ್ಷೇತ್ರದ ಪರವಾಗಿ, ಆ ಸೊಸೆ ಒತ್ತಿದ್ದು ತನ್ನ ನಾಲಿಗೆಯ ಪರವಾಗಿ. ಈ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ನಿಲ್ಲಿಸುವುದು ಮಾಸ್ತರಿಗೆ ಮಾತ್ರ ಸಾಧ್ಯ.

ಊರ ಇತಿಹಾಸವೂ ಅವರ ತಪಾಸಣೆಯಿಂದ ಪಾರಾಗಿಲ್ಲ. ಹಳೆಯ ಶಾಸನಗಳಲ್ಲಿ ಹೂಲಿಯ ಹೆಸರು ಪೂಲಿ. ಇಲ್ಲಿನ ಮಹಾಜನರು ‘ಸಾಸಿರ್ವರು’, ಅಂದರೆ ಸಾವಿರ ಮಂದಿ. ದಾನ ದತ್ತಿಗಳ ಮಾತು ಬಂದಲ್ಲಿ ಆ ಸಾವಿರವೂ ಒಂದೇ ಹೆಸರಾಗಿ ನಿಲ್ಲುತ್ತದೆ. ಪಂಚಲಿಂಗೇಶ್ವರ ಗುಡಿಯ ಅಂಗಳದಲ್ಲಿ ಹುಡುಗರಿಗೆ ಇದನ್ನು ವಿವರಿಸುತ್ತ ಮಾಸ್ತರು ನಿಟ್ಟುಸಿರು ಬಿಟ್ಟರು. “ಸಾವಿರ ಮಂದ್ಯಾಗ ಒಲ್ಲೆ ಅಂದವರು ಯಾರು, ಯಾಕ ಅಂದ್ರು, ಒಂದು ಸಾಲು ಕೆತ್ತಿಸಿಲ್ಲ. ದೊಡ್ಡ ಲೋಪ.”

ಹಿಂದಿದ್ದ ಹುಡುಗ ಹೇಳಿದ: “ಎಲ್ಲಾರ ಕಾರಣ ಕೆತ್ತಿಸಿದ್ರ ಸರ, ಗುಡಿಗೆ ಕಲ್ಲ ಉಳೀತಿರಲಿಲ್ರಿ.”

ಇಷ್ಟಾದರೂ ಮಾಸ್ತರನ್ನು ಊರು ಬೈಯುವುದಿಲ್ಲ. ಯಾಕೆಂದರೆ ಊರಿಗೆ ಹಾಕುವ ಕಟ್ಟಳೆಯನ್ನು ಅವರು ತಮಗೂ ಹಾಕಿಕೊಂಡಿದ್ದಾರೆ. ಸೊಸೈಟಿ ಚುನಾವಣೆ ಬಂದಾಗ ಮನೆಗೆ ಬಂದ ಪ್ರತಿ ಅಭ್ಯರ್ಥಿಗೂ “ನಿಮಗ ರೀ, ಕೇಳೂದೇನೈತಿ” ಎನ್ನುವುದು ಊರ ಪದ್ಧತಿ. ಅಭ್ಯರ್ಥಿಗಳಿಗೆಲ್ಲ ಸಿಕ್ಕ ಭರವಸೆಯನ್ನು ಕೂಡಿಸಿದರೆ ಮತದಾರರ ಪಟ್ಟಿಯನ್ನೂ ಮೀರುತ್ತದೆ. ಮಾಸ್ತರು ಮಾತ್ರ ಬಾಗಿಲಲ್ಲೇ ಹೇಳುತ್ತಾರೆ: “ನಿಮಗ ಹಾಕಾಂಗಿಲ್ಲ. ಕಾರಣ ಮೂರು. ಕುಂಡ್ರಿ, ಹೇಳತೀನಿ.” ಮೊದಲ ಕಾರಣ ಅರ್ಧಕ್ಕೆ ಬರುವಷ್ಟರಲ್ಲಿ ಬಂದವನ ಬೈಕು ಸ್ಟಾರ್ಟ್ ಆಗಿರುತ್ತದೆ. ಅವರ ಓಟು ಯಾರಿಗೆ ಸಿಗುತ್ತದೋ ಅವನ ಗತಿಯೂ ಚೆನ್ನಾಗಿರುವುದಿಲ್ಲ. ಅವನಿಗೆ ಓಟಿನ ಜೊತೆ ಅವನ ನಾಲ್ಕು ದೋಷಗಳ ಪಟ್ಟಿಯೂ ಸಿಗುತ್ತದೆ. ಸೊಸೈಟಿಯ ಡೈರೆಕ್ಟರ್ ಆಗಬೇಕೆಂಬ ಮಾಸ್ತರ ಆಸೆ ಹೀಗೇ ಆಸೆಯಾಗಿ ಉಳಿದಿದೆ.

ಪ್ರಸಾದದ ದಿನ ಬಂತು. ಅಡುಗೆಯವರು ಅನುಭವಸ್ಥರು. ಪೋಲ್ ನೋಡಿ ಹುಗ್ಗಿ ಮಾಡಿದ್ದರು, ಊರು ನೋಡಿ ಮಾದಲಿಯನ್ನೂ ಮಾಡಿದ್ದರು. ಪಂಕ್ತಿ ಕೂತಿತು. ತುಪ್ಪ ಹಾಲು ಹಾಕಿಕೊಂಡು ಊರಿಗೂರೇ ಮಾದಲಿಗೆ ಬಿತ್ತು. ಗೌಡರು ಎರಡು ಸಲ ಹಾಕಿಸಿಕೊಂಡರು. ಅತ್ತೆ, ಸೊಸೆ ಇಬ್ಬರೂ ಹಾಕಿಸಿಕೊಂಡರು, ಒಬ್ಬರ ತಾಟನ್ನೊಬ್ಬರು ನೋಡದೆ. ಮಾದಲಿಯ ಬುಟ್ಟಿ ಬರಿದಾಯಿತು, ಹುಗ್ಗಿಯ ಹಂಡೆ ಹಾಗೇ ಇತ್ತು. ಬರೆದ ಕಾರಣಕ್ಕೆ ಕಟ್ಟುಬಿದ್ದು ಹುಗ್ಗಿಯನ್ನೇ ಉಂಡವರು ಮಾಸ್ತರೊಬ್ಬರೇ.

ಅಂದು ರಾತ್ರಿ ಗ್ರೂಪಿನಲ್ಲಿ ಹೊಸ ಪೋಲ್ ಬಂತು: ‘ಇನ್ನು ಮುಂದೆ ಒತ್ತಿದ್ದಕ್ಕೆ ಅಷ್ಟೇ ಅಲ್ಲ, ಬಡಿಸಿಕೊಂಡದ್ದಕ್ಕೂ ಕಾರಣ ಕೊಡಬೇಕೋ, ಬೇಡವೋ?’

ಬೆಳಗಾಗುವುದರೊಳಗೆ ಎಲ್ಲರೂ ‘ಬೇಕು’ ಒತ್ತಿದ್ದರು. ಕಾರಣ: ಸರ ಹೇಳಿದ್ದ ಸರಿ.