ರೀಜೆಂಟರ ಅಜ್ಞಾತವಾಸ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನ್ಯ ರೀಜೆಂಟರೇ,

ವಿಶ್ವವಿದ್ಯಾಲಯವನ್ನು ಆಳುವ ನಿಮ್ಮ ಮಂಡಳಿಯಲ್ಲಿ 26 ಮಂದಿ. ಅವರಲ್ಲಿ 18 ಮಂದಿಯನ್ನು ರಾಜ್ಯದ ಗವರ್ನರ್ ನೇಮಿಸುತ್ತಾರೆ. ಅವಧಿ 12 ವರ್ಷ, ಪಾಂಡವರ ವನವಾಸದಷ್ಟೇ. ವನವಾಸದ ಬಗ್ಗೆ ನಮ್ಮ ತಕರಾರಿಲ್ಲ, ಸುಖವಾಗಿರಿ. ತಕರಾರೇನಿದ್ದರೂ ಲೆಕ್ಕ ಕೇಳಿದಾಗಲೆಲ್ಲ ನೀವು ಹೊರಡುವ ಅಜ್ಞಾತವಾಸದ ಬಗ್ಗೆ. ಬರ್ಕ್ಲಿಯಲ್ಲಿ ಭೂಕಂಪದ ಬಿರುಕಿನ ಮೇಲೇ ಕೂತ ಕ್ರೀಡಾಂಗಣಕ್ಕೆ ಸುಮಾರು 32 ಕೋಟಿ ಡಾಲರ್ ಸುರಿದು 2012ರಲ್ಲಿ ಮತ್ತೆ ತೆರೆದಿರಿ. ಸೀಟುಗಳನ್ನು ದಶಕಗಟ್ಟಲೆಗೆ ಮುಂಗಡ ಮಾರಿ ಸಾಲ ತೀರಿಸುವ ಲೆಕ್ಕ ಕೈಕೊಟ್ಟಿತು. ಸಾಂತಾ ಬಾರ್ಬರಾ ಕ್ಯಾಂಪಸ್ಸಿನಲ್ಲಿ ಹಾಸ್ಟೆಲ್ ಕಟ್ಟಲು ಕೋಟ್ಯಧಿಪತಿ ಹೂಡಿಕೆದಾರ ಚಾರ್ಲಿ ಮಂಗರ್ 20 ಕೋಟಿ ಡಾಲರ್ ಕೊಡಲು ಒಪ್ಪಿದರು, ಆದರೆ ನಕ್ಷೆ ತಮ್ಮದೇ ಆಗಬೇಕೆಂದರು. ಸುಮಾರು 4,500 ವಿದ್ಯಾರ್ಥಿಗಳ ಆ ಹಾಸ್ಟೆಲಿನ ಬಹುಪಾಲು ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ನಕ್ಷೆ ಪರಿಶೀಲಿಸುವ ಸಮಿತಿಯಲ್ಲಿದ್ದ ವಾಸ್ತುಶಿಲ್ಪಿಯೊಬ್ಬರು 2021ರಲ್ಲಿ ರಾಜೀನಾಮೆ ಬಿಸಾಕಿ ಹೋದರು. 2023ರಲ್ಲಿ ಯೋಜನೆಯೂ ಹೋಯಿತು. ಅದೇ 2023ರ ಜನವರಿಯಲ್ಲಿ, ಹೂಡಿಕೆ ಕಂಪನಿ ಬ್ಲ್ಯಾಕ್‌ಸ್ಟೋನ್‌ನ ಬಾಡಿಗೆ ಮನೆಗಳಿರುವ ರಿಯಲ್ ಎಸ್ಟೇಟ್ ನಿಧಿಯಿಂದ ದುಡ್ಡು ವಾಪಸ್ ಪಡೆಯಲು ಜನ ಸಾಲುಗಟ್ಟಿದ್ದಾಗ, ನಿಮ್ಮ ವಿಶ್ವವಿದ್ಯಾಲಯ ಅದರಲ್ಲಿ 400 ಕೋಟಿ ಡಾಲರ್ ತೊಡಗಿಸಿತು. ಬಾಡಿಗೆ ಕಟ್ಟಲಾಗದೆ ಒದ್ದಾಡುವ ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯ ಬಾಡಿಗೆ ವಸೂಲಿ ಮಾಡುವವರ ಪಾಲುದಾರನಾಯಿತು. ಇರಲಿ, ಇವೆಲ್ಲ ನಿಮ್ಮ ಮನೆಯ ವಿಚಾರ, ಹೊರಗಿನವರು ಬಾಯಿ ಹಾಕಬಾರದು.

ಆದರೆ ಔಷಧದ ವಿಚಾರದಲ್ಲಿ ನೀವೇ ನಮ್ಮ ಅಂಗಳಕ್ಕೆ ಬಂದಿರಿ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಎನ್ಜಲುಟಮೈಡ್ ಹುಟ್ಟಿದ್ದು ನಿಮ್ಮ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ. ಆ ಸಂಶೋಧನೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮತ್ತು ಸೇನೆಯ ಅನುದಾನವಿತ್ತು, ಅಂದರೆ ತೆರಿಗೆದಾರರ ಹಣ. ‘ಎಕ್ಸ್‌ಟ್ಯಾಂಡಿ’ ಎಂಬ ಹೆಸರಲ್ಲಿ ಅದು ಭಾರತಕ್ಕೆ ಬಂದಾಗ 28 ದಿನಕ್ಕೆ ಸಾಲುವ 112 ಗುಳಿಗೆಗಳ ಬೆಲೆ ಸುಮಾರು 3.35 ಲಕ್ಷ ರೂಪಾಯಿ. 2016ರ ಮಾರ್ಚಿನಲ್ಲಿ ರಾಯಲ್ಟಿ ಹಕ್ಕು 114 ಕೋಟಿ ಡಾಲರಿಗೆ ಮಾರಾಟವಾಗಿ, ಅದರಲ್ಲಿ ಸುಮಾರು 52 ಕೋಟಿ ನಿಮ್ಮ ಕ್ಯಾಂಪಸ್ಸಿನ ಪಾಲಿಗೆ ಬಂತು. ಅದೇ ವರ್ಷದ ನವೆಂಬರಿನಲ್ಲಿ ಭಾರತದ ಪೇಟೆಂಟ್ ಕಚೇರಿ ನಿಮ್ಮ ಅರ್ಜಿಯನ್ನು ತಿರಸ್ಕರಿಸಿತು. ಬೆಲೆಯ ಬಗ್ಗೆ ಕೇಳಿದರೆ ‘ಅದು ಲೈಸೆನ್ಸ್ ಪಡೆದ ಕಂಪನಿಯವರ ತೀರ್ಮಾನ’ ಎಂದು ಅಜ್ಞಾತವಾಸಕ್ಕೆ ಜಾರುವ ನೀವು, ಪೇಟೆಂಟ್ ಹೋಯಿತೆಂದ ಕೂಡಲೇ ಗೋವುಗಳನ್ನು ಹೊಡೆದುಕೊಂಡು ಹೋದ ಸುದ್ದಿ ಕೇಳಿದ ಬೃಹನ್ನಳೆಯಂತೆ ರಥ ಏರಿದಿರಿ. ದೆಹಲಿ ಹೈಕೋರ್ಟಿನಲ್ಲಿ ಅರ್ಜಿದಾರರ ಹೆಸರು ‘ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೀಜೆಂಟರು’ ಎಂದೇ ಇತ್ತು. ಅರ್ಜುನ ಬಿಡಿಸಿಕೊಂಡು ಬಂದದ್ದು ಊರಿನ ದನಗಳನ್ನು. ನೀವು ಬಿಡಿಸಿಕೊಳ್ಳಲು ಹೊರಟದ್ದು ಬಡ ರೋಗಿಯ ಕೈಗೆ ಸಿಗಬಹುದಾಗಿದ್ದ ಅಗ್ಗದ ಗುಳಿಗೆಯನ್ನು.

ನಿಮ್ಮ ಪರವಾಗಿ ಹೇಳುವ ಮಾತುಗಳಿವೆ, ಕೇಳೋಣ. ಲೈಸೆನ್ಸ್ ಒಪ್ಪಂದದ ಪ್ರಕಾರ ಪೇಟೆಂಟಿಗಾಗಿ ಹೋರಾಡುವುದು ನಿಮ್ಮ ಕರ್ತವ್ಯವಂತೆ. ಸರಿ, ಆ ಒಪ್ಪಂದಕ್ಕೆ ಸಹಿ ಹಾಕಿದ್ದು ಯಾರು? ಆಕಾಶದಿಂದ ಉದುರಿತೇ? ಪರವಾನಗಿ ಕೊಡುವಾಗ ಬಡ ದೇಶಗಳ ರೋಗಿಗಳನ್ನು ನೆನಪಿನಲ್ಲಿಡಬೇಕು ಎಂಬ ಮಾತನ್ನೂ ಒಳಗೊಂಡ ಒಂಬತ್ತು ಅಂಶಗಳ ಹೇಳಿಕೆಗೆ 2007ರಲ್ಲಿ ನಿಮ್ಮ ವಿಶ್ವವಿದ್ಯಾಲಯವೂ ಒಪ್ಪಿಗೆ ಕೊಟ್ಟಿತ್ತು. ಲೈಸೆನ್ಸು ಹಳೆಯದು ಎನ್ನಬಹುದು. ಆದರೆ 2016ರಲ್ಲಿ 114 ಕೋಟಿ ಡಾಲರಿನ ಚೌಕಾಸಿಗೆ ಎಲ್ಲರೂ ಮೇಜಿನ ಸುತ್ತ ಕೂತಿದ್ದಾಗ ಭಾರತದ ರೋಗಿಯ ಹೆಸರೆತ್ತಲು ಯಾರು ಅಡ್ಡ ಬಂದಿದ್ದರು? ಕೇಳಿ ಇಲ್ಲವೆನ್ನಿಸಿಕೊಂಡಿದ್ದರೆ ಅದನ್ನೇ ಬಾಯಿಬಿಟ್ಟು ಹೇಳಿ. ಆಗ ಸಿಟ್ಟು ಯಾರ ಮೇಲೆ ಮಾಡಬೇಕೆಂದಾದರೂ ನಮಗೆ ಗೊತ್ತಾಗುತ್ತದೆ.

ಪೇಟೆಂಟ್ ಇಲ್ಲದಿದ್ದರೆ ಔಷಧವನ್ನು ಯಾರು ಕಂಡುಹಿಡಿಯುತ್ತಾರೆ ಎನ್ನುವುದು ಎರಡನೆಯ ಮಾತು. ಗಂಭೀರವಾದ ಪ್ರಶ್ನೆಯೇ. ಪ್ರಯೋಗಾಲಯದ ಅಣುವನ್ನು ಮಾರುಕಟ್ಟೆಗೆ ತರಲು ರೋಗಿಗಳ ಮೇಲಿನ ಪರೀಕ್ಷೆಗೆ ಕಂಪನಿಗಳು ಅಪಾರ ಹಣ ಹಾಕಬೇಕು, ಅದು ಮರಳಿ ಬರುವ ಭರವಸೆಯೂ ಬೇಕು. ಆದರೆ ಈ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ. ಪರೀಕ್ಷೆ ಮುಗಿದಿತ್ತು, ಶ್ರೀಮಂತ ದೇಶಗಳಲ್ಲಿ ಮಾರಾಟ ಜೋರಾಗಿತ್ತು, ಅಮೆರಿಕದಲ್ಲೇ ವರ್ಷದ ಪಟ್ಟಿ ಬೆಲೆ ಸುಮಾರು 1.29 ಲಕ್ಷ ಡಾಲರಿಗೆ ಏರಿತ್ತು. ತಿಂಗಳಿಗೆ 3.35 ಲಕ್ಷ ಕೊಡಲಾಗದ ಭಾರತೀಯ ರೋಗಿಯಿಂದ ಕಂಪನಿಗೆ ಆ ಬೆಲೆಯಲ್ಲಿ ಒಂದು ಪೈಸೆಯೂ ಬರುತ್ತಿರಲಿಲ್ಲ, ಅವನಿಗೆ ಗುಳಿಗೆಯೂ ಸಿಗುತ್ತಿರಲಿಲ್ಲ. ಅವನನ್ನು ಹೊರಗಿಟ್ಟರೆ ಯಾವ ಸಂಶೋಧನೆಗೆ ಬಲ ಬಂತು? ರಾಯಲ್ಟಿ ಹಣ ವಿದ್ಯಾರ್ಥಿವೇತನಕ್ಕೂ ಸಂಶೋಧನೆಗೂ ಹೋಗುತ್ತದೆ ಎಂಬುದು ಮೂರನೆಯ ಮಾತು. ಹೋಗಲಿ, ಸಂತೋಷ. ಆದರೆ ಆ ಹಣ 2016ರ ಮಾರ್ಚಿನಲ್ಲೇ ನಿಮ್ಮ ಪೆಟ್ಟಿಗೆ ಸೇರಿತ್ತಲ್ಲ, ಇನ್ನೂ ಯಾವ ವಿದ್ಯಾರ್ಥಿಯ ಫೀಸಿಗಾಗಿ ದೆಹಲಿಯವರೆಗೆ ವಕೀಲರನ್ನು ಕಳಿಸಿದಿರಿ?

ಕಿಟಕಿಯಿಲ್ಲದ ಹಾಸ್ಟೆಲಿನ ವಿರುದ್ಧ ನಿಮ್ಮ ವಿದ್ಯಾರ್ಥಿಗಳು ಕೂಗಿದರು, ಯೋಜನೆ ನಿಂತಿತು. ಭಾರತದ ಮೇಲಿನ ಮೊಕದ್ದಮೆ ಬಿಡಿ ಎಂದೂ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೂಗಿದರು. ಆಗ ಮಾತ್ರ ಅಜ್ಞಾತವಾಸ. ವ್ಯಂಗ್ಯ ಸಾಕು, ನನಗೂ ಬೇಸರವಾಗಿದೆ. ಸಾರ್ವಜನಿಕರ ದುಡ್ಡಿನಲ್ಲಿ ಔಷಧ ಕಂಡುಹಿಡಿದು, ಮಾರಿ, ಹಣ ಎಣಿಸಿಕೊಂಡ ಮೇಲೂ ಬಡ ದೇಶದ ರೋಗಿಗೆ ಅಗ್ಗದ ಗುಳಿಗೆ ಸಿಗಬಾರದೆಂದು ಕೋರ್ಟು ಹತ್ತುವುದು ನಾಚಿಕೆಗೇಡು. ಮುಂದಿನ ಪ್ರತಿ ಲೈಸೆನ್ಸಿನಲ್ಲೂ ಒಂದೇ ಒಂದು ಷರತ್ತು ಬರೆಸಿ: ಬಡ ದೇಶಗಳಲ್ಲಿ ನಾವು ಪೇಟೆಂಟ್ ಕೇಳುವುದಿಲ್ಲ, ಕೇಳಲು ಯಾರೂ ನಮ್ಮನ್ನು ಒತ್ತಾಯಿಸುವಂತಿಲ್ಲ. ಈ ಷರತ್ತಿಗೆ ಒಪ್ಪದ ಕಂಪನಿಗೆ ನಿಮ್ಮ ಪ್ರಯೋಗಾಲಯದ ಬಾಗಿಲು ತೋರಿಸಿ.

ಇಂತಿ,
ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬರೀ ಮಾರುಕಟ್ಟೆಯಾಗಿರುವ ದೇಶದ ಒಬ್ಬ ಪ್ರಜೆ